ಮುಂಜಾನೆಯ ಬಿಗಿತ ಸಡಿಲಲು ಬೇಕಾದ ಹೊತ್ತು

ಹಿರಿಯರೊಬ್ಬರು ಬೆಳಗ್ಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು, "ಕಾಲು ಹಿಡ್ಕೊಂಡಿದೆ, ಸ್ವಲ್ಪ ತಡಿ" ಎಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ವಯಸ್ಸಾಯ್ತಲ್ಲ, ಇನ್ನೇನು ಮತ್ತೆ." ಹಾಗೆ ಹೇಳುವವರು ನಿರ್ದಯಿಗಳೇನಲ್ಲ. ಬಹುಪಾಲು ಜನ ಅದನ್ನು ಸಮಾಧಾನದ ಮಾತೆಂದೇ ಆಡುತ್ತಾರೆ, ಕೇಳಿಸಿಕೊಂಡ ಹಿರಿಯರೂ ಹೂಂ ಎಂದು ಒಪ್ಪಿಕೊಳ್ಳುತ್ತಾರೆ. ಆದರೆ ಆ ಮಾತು ಬಿದ್ದೊಡನೆ ಮುಂದೆ ಕೇಳಬೇಕಾಗಿದ್ದ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಂತುಹೋಗುತ್ತವೆ. ಯಾವ ಕೀಲು ಹಿಡಿದುಕೊಂಡಿದೆ, ಒಂದೇ ಬದಿಯೋ ಎರಡೂ ಬದಿಯೋ, ಮುಟ್ಟಿದರೆ ಬಿಸಿಯಿದೆಯೋ, ಊದಿದೆಯೋ, ಎಷ್ಟು ಹೊತ್ತಿಗೆ ಸಡಿಲವಾಗುತ್ತದೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಎಪ್ಪತ್ತು ದಾಟಿದ ಅಮ್ಮನೊಂದಿಗೆ ಒಂದೇ ಮನೆಯಲ್ಲಿರುವ ನನ್ನನ್ನು ಈ ವಿಷಯ ಕೆಲವು ವರ್ಷಗಳಿಂದ ಕೊರೆಯುತ್ತಲೇ ಇದೆ. ವೈದ್ಯರನ್ನು ಕೇಳಿ, ಓದಿ, ಮನೆಯ ಇಬ್ಬರು ಹಿರಿಯರ ಬೆಳಗುಗಳನ್ನು ಹತ್ತಿರದಿಂದ ನೋಡಿ ನನಗೆ ಮನವರಿಕೆಯಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಳಗಿನ ಬಿಗಿತವನ್ನು ಬಹುಮಟ್ಟಿಗೆ ಕಡಿಮೆ ಮಾಡಬಹುದು, ಅದಕ್ಕೆ ಬೇಕಾದ ಸಾಮಗ್ರಿಗಳು ಹೆಚ್ಚಿನ ಮನೆಗಳಲ್ಲಿ ಈಗಾಗಲೇ ಇವೆ. ಮನೆಗಳಲ್ಲಿ ಇಲ್ಲದಿರುವುದು ಅರ್ಧ ಗಂಟೆಯ ಬಿಡುವು.

ಮುದ್ದೆಗೆ ಎಸರಿಡುವ ಹೊತ್ತು

ದೊಡ್ಡಮ್ಮನನ್ನು ಮೊದಲ ಸಲ ಕೀಲುರೋಗದ ತಜ್ಞರ ಬಳಿಗೆ ಕರೆದುಕೊಂಡು ಹೋದ ದಿನ ಚೆನ್ನಾಗಿ ನೆನಪಿದೆ. ಅವರು ಶಿರಾ ಕಡೆಯ ಹಳ್ಳಿಯವರು, ಕಡಲೆಕಾಯಿ ಹೊಲದಲ್ಲೂ ಕೊಟ್ಟಿಗೆಯಲ್ಲೂ ಬದುಕಿಡೀ ದುಡಿದವರು. ಅದಕ್ಕೂ ಮೊದಲು ಹೋದಲ್ಲೆಲ್ಲ ಮಂಡಿ ಸವೆದಿದೆ ಎಂದು ಹೇಳಿ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ಬೆಂಗಳೂರಿನ ಈ ವೈದ್ಯೆ ನಾವು ಒಯ್ದಿದ್ದ ಎಕ್ಸ್‌ರೇ ಲಕೋಟೆಯನ್ನು ಪಕ್ಕಕ್ಕಿಟ್ಟು, "ಅಮ್ಮಾ, ಬೆಳಗ್ಗೆ ಎದ್ದ ಮೇಲೆ ಕೈಕಾಲು ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು. ದೊಡ್ಡಮ್ಮ ನಿಮಿಷದ ಲೆಕ್ಕ ಹೇಳಲಿಲ್ಲ. "ಎದ್ದೇಟ್ಗೆ ಬೆರಳು ಮಡಿಸಾಕಾಗಲ್ಲ ಮೇಡಂ. ಹಸ ಕರಿಯಾಕೆ ಕೂತ್ರೆ ಹಿಡಿತ ಸಿಗಲ್ಲ, ಮಗನೇ ಕರೀತಾನೆ. ಅವನು ಡೈರಿಗೆ ಹಾಲು ಹಾಕಿ ಬಂದು, ನಾನು ಕಸ ಗುಡಿಸಿ, ಮುದ್ದೆಗೆ ಎಸರಿಡೋ ಹೊತ್ಗೆ ಒಸಿ ಸಡ್ಲ ಆಗ್ತೈತೆ" ಎಂದರು. ವೈದ್ಯೆ ಅಷ್ಟಕ್ಕೇ ಬಿಡಲಿಲ್ಲ. ಏಳುವುದು ಎಷ್ಟಕ್ಕೆ, ಡೈರಿ ಎಷ್ಟಕ್ಕೆ, ಎಸರಿಡುವುದು ಎಷ್ಟಕ್ಕೆ ಎಂದು ಒಂದೊಂದಾಗಿ ವಿಚಾರಿಸಿ, ಎರಡು ಗಂಟೆಗೂ ಹೆಚ್ಚು ಎಂದು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ದೊಡ್ಡಮ್ಮನ ಎರಡೂ ಕೈಗಳನ್ನು ಹಿಡಿದು, ಬೆರಳುಗಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಮೆಲ್ಲಗೆ ಅಮುಕಿದರು. ದೊಡ್ಡಮ್ಮ ಸರಕ್ಕನೆ ಕೈ ಎಳೆದುಕೊಂಡರು. ರಕ್ತದ ಪರೀಕ್ಷೆಗಳು ಬಂದ ಮೇಲೆ ಅದು ಬರಿಯ ಸವೆತವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದು ಉರಿಯೂತ ತರುವ ರುಮಟಾಯ್ಡ್ ಸಂಧಿವಾತ ಎಂದು ಖಚಿತವಾಯಿತು.

ಎಷ್ಟು ಹೊತ್ತು ಎಂಬ ಆ ಒಂದು ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದು ನನಗೆ ತಿಳಿದದ್ದು ಆಮೇಲೆ. ವಯಸ್ಸಿನೊಂದಿಗೆ ಬರುವ ಮಂಡಿ ಸವೆತದಲ್ಲಿ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್‌ನಲ್ಲಿ, ಬೆಳಗಿನ ಬಿಗಿತ ಸಾಮಾನ್ಯವಾಗಿ 30 ನಿಮಿಷದೊಳಗೆ ಬಿಡುತ್ತದೆ. ಮಧ್ಯಾಹ್ನ ಟಿವಿ ಮುಂದೆ ತುಸು ಹೊತ್ತು ಕೂತು ಏಳುವಾಗಲೂ ಅದೇ ಬಿಗಿತ ಮತ್ತೆ ಬಂದು, ನಾಲ್ಕು ಹೆಜ್ಜೆ ಹಾಕಿದರೆ ಹೋಗುತ್ತದೆ. 45 ದಾಟಿದವರಲ್ಲಿ ಓಡಾಡಿದಾಗ ಕೀಲು ನೋವು ಬರುತ್ತಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಯನ್ನು ಮೀರದಿದ್ದರೆ ಎಕ್ಸ್‌ರೇ ಇಲ್ಲದೆಯೇ ಸವೆತವೆಂದು ನಿರ್ಧರಿಸಬಹುದು ಎಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಬಿಗಿತ ದಿನವೂ ಒಂದು ಗಂಟೆಯನ್ನು ದಾಟುತ್ತಿದ್ದರೆ, ಅದರಲ್ಲೂ ಎರಡೂ ಕೈಗಳ ಸಣ್ಣ ಕೀಲುಗಳು ಊದಿದ್ದರೆ, ಉರಿಯೂತದ ಕಾಯಿಲೆಯನ್ನು ಹುಡುಕಲೇಬೇಕು. ಈ ಗಡಿಗಳು ಗೆರೆ ಕೊರೆದಷ್ಟು ಖಚಿತವಲ್ಲ, ಆದರೂ ಮನೆಯವರು ಗಮನಿಸಬಹುದಾದ ಇದಕ್ಕಿಂತ ಸುಲಭದ ಸುಳಿವು ಇನ್ನೊಂದಿಲ್ಲ. ದೊಡ್ಡಮ್ಮನಿಗೆ ಸಿಕ್ಕ ಔಷಧ ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು; ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಓದು ಬಾರದ ದೊಡ್ಡಮ್ಮನಿಗೆ ಅದು ಸಂತೆಯ ದಿನದ ಮಾತ್ರೆ ಎಂದೇ ಗುರುತು. ಅದರ ಗುಣ ಕಾಣಲು ವಾರಗಳೇ ಹಿಡಿದವು, ಆದರೆ ಕೆಲವು ತಿಂಗಳ ನಂತರ ಅವರು ಮತ್ತೆ ಹಾಲು ಕರೆಯಲು ಕೂತರು.

ಐವತ್ತು ದಾಟಿದವರಲ್ಲಿ ಎರಡೂ ಭುಜ, ಎರಡೂ ಸೊಂಟದ ಕೀಲುಗಳ ಸುತ್ತ ಹಠಾತ್ತಾಗಿ ಕಾಣಿಸಿಕೊಳ್ಳುವ ಬಿಗಿತವೂ ಇದೆ. ತಲೆ ಬಾಚಲು ಕೈ ಮೇಲೇರದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದು. ಪಾಲಿಮಯಾಲ್ಜಿಯಾ ರುಮಾಟಿಕಾ ಎಂಬ ಈ ಕಾಯಿಲೆಯ ಜೊತೆಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಸೇರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ದೃಷ್ಟಿಯೇ ಹೋಗುವ ಅಪಾಯವಿರುತ್ತದೆ. ಜ್ವರದೊಂದಿಗೆ ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ ಊದಿದರೂ ಕಾಯುವಂತಿಲ್ಲ. ನಮ್ಮ ಪಾವಗಡದಂತಹ ಸೀಮೆಗಳಲ್ಲಿ ಇನ್ನೊಂದು ಕಾರಣವನ್ನೂ ನೆನಪಿನಲ್ಲಿಡಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರಬಾರದೆಂಬುದು ಭಾರತೀಯ ಮಾನಕ, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ಕೊಳವೆ ಬಾವಿಯ ನೀರನ್ನು ದಶಕಗಟ್ಟಲೆ ಕುಡಿದವರ ಕುತ್ತಿಗೆ, ಬೆನ್ನು, ಮಂಡಿಗಳು ಬಿಗಿಯುತ್ತ ಹೋಗುತ್ತವೆ. ಆ ಬಿಗಿತ ದಿನ ಏರಿದರೂ ಬಿಡುವುದಿಲ್ಲ. ಅಲ್ಲಿ ಮೊದಲು ಬದಲಾಗಬೇಕಾದದ್ದು ನೀರು.

ಊರಿಗೆ ಊರೇ ಹಿಡಿದುಕೊಂಡ ವರ್ಷ

ಬಿಗಿತ ಎಂದರೇನೆಂದು ನಮ್ಮ ಕಡೆಯ ಎಳೆಯರಿಗೂ ಗೊತ್ತಾದದ್ದು 2006ರಲ್ಲಿ. ಆ ವರ್ಷ ಚಿಕೂನ್‌ಗುನ್ಯಾ ಕರ್ನಾಟಕವನ್ನು ಆವರಿಸಿ, ರಾಜ್ಯವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಕೆಲವೇ ದಿನಗಳಲ್ಲಿ ಬಿಟ್ಟುಹೋಯಿತು, ಕೀಲುಗಳನ್ನು ಹಿಡಿದದ್ದು ಬಿಡಲಿಲ್ಲ. ಇಪ್ಪತ್ತೈದರ ಹುಡುಗರು ಬೆಳಗ್ಗೆ ಗೋಡೆ ಹಿಡಿದು ನಡೆಯುತ್ತಿದ್ದರು, ಹೆಂಗಸರು ಬಿಂದಿಗೆ ಎತ್ತಲಾರದೆ ಇಬ್ಬರಿಬ್ಬರಾಗಿ ನೀರು ಹೊರುತ್ತಿದ್ದರು. ಹೊಲದ ಕೂಲಿ ಬಿಸಿಲೇರಿದ ಮೇಲೆ ಶುರುವಾಗುತ್ತಿತ್ತು, ಅದಕ್ಕೆ ಯಾರೂ ಆಕ್ಷೇಪವೆತ್ತಲಿಲ್ಲ. ಒಬ್ಬರ ಬಿಗಿತವನ್ನು ಇನ್ನೊಬ್ಬರು ತಮ್ಮ ಮೈಯಲ್ಲೇ ಅರಿತಿದ್ದರಿಂದ "ಬೇಗ ಏಳು" ಎಂಬ ಮಾತು ಕೆಲವು ತಿಂಗಳು ಯಾರ ಬಾಯಲ್ಲೂ ಬರಲಿಲ್ಲ. ಎಳೆಯರು ಬೇಗ ಚೇತರಿಸಿಕೊಂಡರು. ನಡುವಯಸ್ಸು ದಾಟಿದವರಲ್ಲಿ ಹಲವರಿಗೆ ಬೆಳಗಿನ ಬಿಗಿತ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಊರಿನ ಗಡಿಯಾರ ಮಾತ್ರ ಅಷ್ಟರಲ್ಲಿ ಹಳೆಯ ವೇಗಕ್ಕೆ ಮರಳಿತ್ತು. ಇಡೀ ಊರು ತಾನೇ ಅನುಭವಿಸಿದಾಗ ತನ್ನ ದಿನಚರಿಯನ್ನು ಬದಲಿಸಿಕೊಳ್ಳಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯೊಂದು ಒಬ್ಬ ಹಿರಿಯರಿಗಾಗಿ ಅಷ್ಟನ್ನು ಮಾಡಲಾಗದು ಎಂದರೆ ಅದನ್ನು ನಾನು ಒಪ್ಪುವುದಿಲ್ಲ.

ಹಂಡೆಯ ನೀರು, ಹಾಸಿಗೆಯ ಮೇಲಿನ ಹತ್ತು ನಿಮಿಷ

ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಚಳಿಗಾಲದಲ್ಲಿ ಎದ್ದವರೇ ನೇರವಾಗಿ ಬಚ್ಚಲುಮನೆಗೆ ಹೋಗಿ ಹಂಡೆಯ ಒಲೆಗೆ ಪುಳ್ಳೆ ಒಟ್ಟುತ್ತಿದ್ದರು. ನೀರು ಕಾಯುವವರೆಗೂ ಅಲ್ಲೇ ಮಣೆಯ ಮೇಲೆ ಕೂತು, ಬೆಂಕಿಗೆ ಅಂಗೈ ಒಡ್ಡಿ, ಬೆರಳುಗಳನ್ನು ಮಡಿಸುತ್ತ ಬಿಡಿಸುತ್ತ ಇರುತ್ತಿದ್ದರು. ಹಿಂದಿನ ದಿನವೇ ಕಿತ್ತು ತಂದ ಲಕ್ಕಿ ಸೊಪ್ಪನ್ನು ಹಂಡೆಗೆ ಹಾಕುತ್ತಿದ್ದರು, ಬಚ್ಚಲೆಲ್ಲ ಅದರ ಘಾಟು ತುಂಬುತ್ತಿತ್ತು. ಮಂಡಿಗೆ ಎಳ್ಳೆಣ್ಣೆ ತಿಕ್ಕಿಕೊಂಡು, ಚೊಂಬಿನಿಂದ ಬಿಸಿನೀರನ್ನು ಒಂದೇ ಕಡೆ ಹುಯ್ದುಕೊಳ್ಳುತ್ತ ಕೂತಿದ್ದವರು ಹೊರಗೆ ಬರುವ ಹೊತ್ತಿಗೆ ಗೋಡೆಯನ್ನು ಹಿಡಿದುಕೊಳ್ಳುತ್ತಿರಲಿಲ್ಲ. ಸೊಪ್ಪಿನ ಗುಣವೆಷ್ಟು, ಎಣ್ಣೆಯ ಗುಣವೆಷ್ಟು ಎಂದು ಬಿಡಿಸಿ ಹೇಳಲು ನಾನು ಹೋಗುವುದಿಲ್ಲ. ಬಿಸಿ ತಾಗಿದಾಗ ಸ್ನಾಯುಗಳು ಸಡಿಲವಾಗುತ್ತವೆ, ಕೀಲಿನ ಸುತ್ತ ರಕ್ತಸಂಚಾರ ಹೆಚ್ಚುತ್ತದೆ, ನೋವು ಮಂದವಾಗುತ್ತದೆ. ಫಿಸಿಯೋಥೆರಪಿಯವರು ಮೇಣದ ಸ್ನಾನ, ಬಿಸಿ ಪ್ಯಾಕ್ ಎಂದು ಇಂದು ಕೊಡುವುದೂ ಅದನ್ನೇ. ಆದರೆ ಆ ಬಚ್ಚಲಿನಲ್ಲಿ ಬಿಸಿಯ ಜೊತೆಗೆ ಇನ್ನೊಂದು ಅನುಕೂಲವಿತ್ತು. ನೀರು ಕಾಯಲು ಹೊತ್ತು ಹಿಡಿಯುತ್ತಿತ್ತು, ಆ ಹೊತ್ತಿನಲ್ಲಿ ಅಜ್ಜಿಯನ್ನು ಯಾರೂ ಬೇರೆ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಗೀಸರಿನಲ್ಲಿ ಸ್ವಿಚ್ ಒತ್ತಿದರೆ ನೀರು ಕಾಯುತ್ತದೆ ನಿಜ, ಆದರೆ ನಮ್ಮ ನಗರದ ಮನೆಗಳಲ್ಲಿ ಬೆಳಗಿನ ಬಚ್ಚಲಿಗೆ ಆಫೀಸಿನವರು, ಶಾಲೆಯ ಮಕ್ಕಳು ಸರದಿಯಲ್ಲಿರುತ್ತಾರೆ, ಹಿರಿಯರ ಪಾಳಿ ಕೊನೆಗೆ ಹೋಗುತ್ತದೆ. ಬಿಸಿನೀರು ಅತ್ಯಂತ ಅಗತ್ಯವಿರುವ ಹೊತ್ತಿಗೇ ಅವರಿಗೆ ಅದು ಸಿಗದಂತಾಗುತ್ತದೆ.

ಶಾಖ ಕೊಡುವುದರಲ್ಲೂ ಎಚ್ಚರ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸುಟ್ಟದ್ದು ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಆದ್ದರಿಂದ ನೀರಿನ ಬಿಸಿಯನ್ನು ಮನೆಯವರೇ ಮೊಣಕೈಯಿಂದ ನೋಡಬೇಕು, ಬಿಸಿನೀರಿನ ಚೀಲಕ್ಕೆ ದಪ್ಪ ಟವೆಲ್ ಸುತ್ತಬೇಕು, ಅದನ್ನು ಇಟ್ಟುಕೊಂಡೇ ನಿದ್ದೆಹೋಗಲು ಬಿಡಬಾರದು. ಕೆಂಪಾಗಿ ಊದಿ ಕಾದಿರುವ ಕೀಲಿಗೆ ಶಾಖ ಕೊಡದಿರುವುದೇ ಒಳ್ಳೆಯದು.

ಅಜ್ಜಿ ಬೆಂಕಿಯ ಮುಂದೆ ಕೂತು ಬೆರಳು ಮಡಿಸುತ್ತಿದ್ದದ್ದರ ಅರ್ಥ ನನಗೆ ಹೊಳೆದದ್ದು ಅಮ್ಮನ ಫಿಸಿಯೋಥೆರಪಿ ಶುರುವಾದ ಮೇಲೆ. ಕೀಲಿನ ಎಲುಬುಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ, ಆ ದ್ರವ ಒಳಹೊರಗೆ ಹರಿಯಬೇಕಾದರೆ ಕೀಲು ಮಡಿಯುತ್ತ, ಬಿಚ್ಚುತ್ತ, ಭಾರ ಹೊರುತ್ತ, ಇಳಿಸುತ್ತ ಇರಬೇಕು. ರಾತ್ರಿಯಿಡೀ ಅಲುಗದೆ ಇದ್ದ ಕೀಲಿನಲ್ಲಿ ಈ ಹರಿದಾಟ ಬಹಳ ಕಡಿಮೆಯಾಗಿರುತ್ತದೆ, ಸುತ್ತಲಿನ ಸ್ನಾಯು ತಂತುಗಳೂ ಡಿಸೆಂಬರಿನ ಬೆಳಗಿನ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟಿದಂತಿರುತ್ತವೆ. ಅಂತಹ ಮಂಡಿಯ ಮೇಲೆ ಎದ್ದೊಡನೆ ಇಡೀ ದೇಹದ ಭಾರವನ್ನು ಹೇರುವುದೇ ಮೊದಲ ನೋವಿಗೆ ಕಾರಣ. ಭಾರ ಬೀಳುವ ಮೊದಲು ಕೀಲು ಕೆಲವು ಸಲ ಅಲುಗಿರಬೇಕು ಎಂಬುದೇ ಇದರಲ್ಲಿನ ಸೂತ್ರ.

ಅಮ್ಮನಿಗೆ ಹೇಳಿಕೊಟ್ಟದ್ದು ಬಹಳ ಸರಳ. ಹೊದಿಕೆಯೊಳಗೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆಯೇ ಜಾರಿಸಿ ಮಂಡಿ ಮಡಿಸುವುದು, ಮತ್ತೆ ಚಾಚುವುದು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿಹಿಡಿದು ಐದು ಎಣಿಸಿ ಬಿಡುವುದು. ಇದರಿಂದ ತೊಡೆಯ ಮುಂಭಾಗದ ಸ್ನಾಯು ಎಚ್ಚರಗೊಳ್ಳುತ್ತದೆ, ಮಂಡಿಯನ್ನು ಕಾಯುವುದು ಆ ಸ್ನಾಯುವೇ. ಮುಷ್ಟಿ ಕಟ್ಟಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಭುಜಗಳನ್ನು ಎತ್ತಿ ಇಳಿಸುವುದು. ಆಮೇಲೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ ಎದ್ದು ಕೂತು, ಒಂದೆರಡು ನಿಮಿಷ ಹಾಗೇ ಕಾಯುವುದು. ಈ ಕೊನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ, ಬಿಗಿದ ಮಂಡಿ ಆಗ ಆಸರೆ ಕೊಡುವುದಿಲ್ಲ, ಬಚ್ಚಲಿನ ದಾರಿಯಲ್ಲಿ ಬೀಳುವುದು ಹೀಗೆಯೇ. ಇದೆಲ್ಲ ಸೇರಿ ಹತ್ತು ನಿಮಿಷದ ಕೆಲಸ. ದೀರ್ಘಕಾಲದ ಮಟ್ಟಿಗೆ ಹೇಳುವುದಾದರೆ, ನಿಯಮಿತ ವ್ಯಾಯಾಮಕ್ಕೂ ತೂಕ ಇಳಿಸುವುದಕ್ಕೂ ಸಮನಾದ ಮದ್ದು ಮಂಡಿ ಸವೆತಕ್ಕೆ ಇನ್ನೂ ಬಂದಿಲ್ಲ. ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ನೋವಿದೆ ಎಂದು ಓಡಾಟವನ್ನೇ ನಿಲ್ಲಿಸಿದ ಹಿರಿಯರ ಬಿಗಿತ ವರ್ಷದಿಂದ ವರ್ಷಕ್ಕೆ ಹೆಚ್ಚುವುದನ್ನು ನಾನು ಸಂಬಂಧಿಕರಲ್ಲಿ ನೋಡಿದ್ದೇನೆ. "ನೀನು ಸುಮ್ಮನೆ ಕೂತಿರು, ಎಲ್ಲ ನಾವು ಮಾಡ್ತೀವಿ" ಎಂಬ ಪ್ರೀತಿಯ ಮಾತು ಕೀಲಿಗೆ ಒಳ್ಳೆಯದನ್ನು ಮಾಡುವುದಿಲ್ಲ.

ಪುಡಿಯ ಪೊಟ್ಟಣ

ಸಂತೆಗಳಲ್ಲಿ, ಜಾತ್ರೆಗಳಲ್ಲಿ ಗಂಟುನೋವಿಗೆಂದು ಮಾರುವ ಪುಡಿಯ ಬಗ್ಗೆ ಬರೆಯದಿದ್ದರೆ ಈ ಬರಹ ಅರ್ಧವಾಗುತ್ತದೆ. ನುಂಗಿದ ಎರಡೇ ದಿನಕ್ಕೆ ಬೆಳಗಿನ ಬಿಗಿತ ಮಾಯವಾಯಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು 1948ಕ್ಕೆ ಹೋಗಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಹಾಸಿಗೆಯಿಂದ ಏಳುವುದೇ ಕಷ್ಟವಾಗಿದ್ದ ರುಮಟಾಯ್ಡ್ ರೋಗಿಯೊಬ್ಬರಿಗೆ ಆಗಷ್ಟೇ ತಯಾರಾಗಿದ್ದ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಲ್, ಟಾಡಿಯುಸ್ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ನಮ್ಮ ದೇಹವೂ ಇದೇ ಬಗೆಯ ಹಾರ್ಮೋನನ್ನು ತಾನೇ ತಯಾರಿಸುತ್ತದೆ. ಅದು ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆಯಿದ್ದು ಬೆಳಗಿನ ಜಾವ ಏರುತ್ತದೆ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ರುಮಟಾಯ್ಡ್ ರೋಗಿಗಳಲ್ಲಿ ನಸುಕಿನಲ್ಲೇ ಉತ್ತುಂಗಕ್ಕೇರುತ್ತವೆ. ದೇಹದ ಸ್ವಂತ ಮದ್ದು ಅವನ್ನು ತಡೆಯುವಷ್ಟಿರುವುದಿಲ್ಲ, ದೊಡ್ಡಮ್ಮನಂಥವರ ಬೆರಳು ಆ ಹೊತ್ತಿಗೇ ಹೆಚ್ಚು ಬಿಗಿಯುವುದಕ್ಕೆ ಇದೂ ಒಂದು ಕಾರಣ. ಸ್ಟಿರಾಯ್ಡಿನ ಇನ್ನೊಂದು ಮುಖ ಹೆಂಚ್ ಅವರ ಕಾಲದಲ್ಲೇ ಕಾಣಿಸಿಕೊಂಡಿತು. ಬಹುಕಾಲ ತೆಗೆದುಕೊಂಡವರಲ್ಲಿ ಮುಖ ಊದಿತು, ಸಕ್ಕರೆ ಏರಿತು, ಎಲುಬು ಟೊಳ್ಳಾಯಿತು, ಸೋಂಕುಗಳು ಮುತ್ತಿದವು. ಇಂದು ವೈದ್ಯರು ಅದನ್ನು ಅಳೆದು, ಕಾಲಮಿತಿ ಹಾಕಿ ಕೊಡುತ್ತಾರೆ.

ಹೆಸರು, ವಿಳಾಸ, ಒಳಗೇನಿದೆ ಎಂಬ ವಿವರ ಯಾವುದೂ ಇಲ್ಲದ ಪುಡಿಗಳಲ್ಲಿ ಇದೇ ಸ್ಟಿರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ತಿಂಗಳುಗಟ್ಟಲೆ ಅದನ್ನು ತಿಂದವರ ದೇಹ ತನ್ನ ಸ್ವಂತ ಹಾರ್ಮೋನಿನ ತಯಾರಿಕೆಯನ್ನು ಕಡಿಮೆ ಮಾಡಿರುತ್ತದೆ, ಆದ್ದರಿಂದ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು. ಮನೆಯಲ್ಲಿ ಯಾರಾದರೂ ಇಂತಹ ಪುಡಿ ತಿನ್ನುತ್ತಿರುವುದು ಗೊತ್ತಾದರೆ ಬೈದು ಕಸಿದುಕೊಳ್ಳಬೇಡಿ; ಪೊಟ್ಟಣದ ಸಮೇತ ವೈದ್ಯರ ಬಳಿಗೆ ಕರೆದೊಯ್ಯಿರಿ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳೂ ವಯಸ್ಸಾದವರ ಮೂತ್ರಪಿಂಡಕ್ಕೆ, ಜಠರಕ್ಕೆ, ಹೃದಯಕ್ಕೆ ಹೊರೆಯೇ. ಮಂಡಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ರಕ್ತಕ್ಕೆ ಸೇರುವುದು ಅದಕ್ಕಿಂತ ಬಹಳ ಕಡಿಮೆ, ಹಾಗಾಗಿ ಅದನ್ನು ಮೊದಲು ಪ್ರಯತ್ನಿಸುವುದು ವಾಡಿಕೆ.

ಮನೆಯ ವೇಳಾಪಟ್ಟಿ

ಇಷ್ಟೆಲ್ಲ ಗೊತ್ತಿದ್ದರೂ ಮನೆಯ ಬೆಳಗು ಬದಲಾಗದಿದ್ದರೆ ಹಿರಿಯರಿಗೆ ಪ್ರಯೋಜನವಿಲ್ಲ. ನಾವು ಅವರ ಕೆಲಸಗಳನ್ನೆಲ್ಲ ಅವರ ಅತ್ಯಂತ ಕಷ್ಟದ ಹೊತ್ತಿಗೇ ಇಟ್ಟಿದ್ದೇವೆ. ಬಾಗಿಲಿಗೆ ನೀರು ಹಾಕಿ ಕುಕ್ಕರುಗಾಲಿನಲ್ಲಿ ಕೂತು ರಂಗೋಲಿ ಬಿಡುವುದು ಸೂರ್ಯ ಹುಟ್ಟುವ ಮೊದಲೇ ಆಗಬೇಕು. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಲ್ಯಾಬಿನ ಸಾಲು ಬೆಳಗ್ಗೆಯೇ ಶುರು. ದೊಡ್ಡ ಆಸ್ಪತ್ರೆಯಲ್ಲಿ ಕೀಲುನೋವು ತೋರಿಸಲು ಟೋಕನ್ ಬೇಕೆಂದರೆ ಬೆಳಕು ಹರಿಯುವಾಗಲೇ ಬಸ್ಸು ಹತ್ತಿರಬೇಕು. ಬಿಗಿತದ ಚಿಕಿತ್ಸೆಗೆ ಬಂದವರನ್ನು ಬಿಗಿತದ ಹೊತ್ತಿನಲ್ಲೇ ಕಬ್ಬಿಣದ ಬೆಂಚಿನ ಮೇಲೆ ಕೂರಿಸುತ್ತೇವೆ. ಎಪ್ಪತ್ತು ದಾಟಿದವರ ಟೋಕನ್ನನ್ನು ಹತ್ತು ಗಂಟೆಯ ನಂತರಕ್ಕೆ ಕಾದಿರಿಸಲು ಆಸ್ಪತ್ರೆಗಳಿಗೆ ಕಾಸು ಖರ್ಚಾಗುವುದಿಲ್ಲ. ಇದನ್ನು ಹಿರಿಯರ ಹಕ್ಕು ಎಂದೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಅಮ್ಮನ ಸ್ನಾನದ ಪಾಳಿಯನ್ನು ಮೊದಲಿಗೆ ತಂದೆವು. ರಂಗೋಲಿ ಎಂಟು ಗಂಟೆಗೆ ಬೀಳುತ್ತದೆ, ಅಮ್ಮನೇ ಬಿಡುತ್ತಾರೆ. ಆ ಹೊತ್ತಿಗೆ ಅವರ ಮಂಡಿ ಮಡಿಸಲು ಒಪ್ಪುತ್ತದೆ, ತಡವಾದ ರಂಗೋಲಿಯ ಬಗ್ಗೆ ಒಂದೆರಡು ಮಾತು ಬಂದರೂ ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಶೌಚಾಲಯವನ್ನು ಕಮೋಡಿಗೆ ಬದಲಿಸಿದ್ದು ಮೊದಲೇ ಆಗಿತ್ತು. ಆದರೆ ಗೋಡೆಯ ಹಿಡಿಕೆಯ ವಿಷಯದಲ್ಲಿ ಕೆಲಸದವರು ಸಾಮಾನ್ಯವಾಗಿ ತಮ್ಮ ಎತ್ತರಕ್ಕೆ, ನಿಂತವರಿಗೆ ಎಟುಕುವಂತೆ ಹಾಕಿಬಿಡುತ್ತಾರೆ. ಬೆಳಗ್ಗೆ ಭುಜವೂ ಬಿಗಿದಿರುವವರಿಗೆ ಅಷ್ಟು ಮೇಲಿನ ಹಿಡಿಕೆಯಿಂದ ಆಸರೆ ಸಿಗುವುದಿಲ್ಲ, ಅವರಿಗೆ ಅದು ಬೇಕಾಗುವುದು ಕೂತಲ್ಲಿಂದ ಏಳುವಾಗ. ಆದ್ದರಿಂದ ಅಮ್ಮನನ್ನು ಮಧ್ಯಾಹ್ನದ ಬದಲು ಬೆಳಗ್ಗೆ, ಎದ್ದ ಹೊಸತರಲ್ಲೇ ಅಲ್ಲಿ ಕೂರಿಸಿ, ಅವರ ಕೈ ತಾನಾಗಿ ಚಾಚಿದ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಪ್ಲಂಬರ್ ಬಂದಾಗ ಅಲ್ಲೇ ತೂತು ಕೊರೆಸಿದೆವು.